ಬಸಿಗೆ ಬಿದ್ದ ಚಹಾದ ಲೆಕ್ಕ

ಫೆಬ್ರವರಿ ಒಂದು, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಅಪ್ಪನ ಬಲಗೈ ಮಣಿಕಟ್ಟಿಗೆ ನಾನು ಪಟ್ಟಿ ಕಟ್ಟಿದ ಹೊತ್ತು ಇದು. ಹೊತ್ತು ಬರೆಯದೆ ಯಾವ ಕೆಲಸವನ್ನೂ ಶುರು ಮಾಡಲಾರದವಳು ನಾನು. ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ನೌಕರಿ. ಅಲ್ಲಿ ಬರೆದಿಡದ ಕೆಲಸ ಮಾಡದ ಕೆಲಸಕ್ಕೆ ಸಮ. ಈ ಚಟ ಮನೆಯವರೆಗೂ ಬಂದು, ಅವ್ವ ಕುಕ್ಕರಿನ ಸೀಟಿ ಎಣಿಸುವುದನ್ನೇ ಬಿಟ್ಟಿದ್ದಾಳೆ. "ಆಕಿ ಬರಕೊಂಡಿರ್ತಾಳ ಬಿಡು" ಅನ್ನುತ್ತಾಳೆ.

ಅಪ್ಪನ ಕೈನಡುಕ ದೊಡ್ಡ ರೋಗವಲ್ಲ ಎಂದು ಡಾಕ್ಟರು ಹೇಳಿದ್ದರು. ಸುಮ್ಮನೆ ಕೂತಾಗ ಆ ಕೈ ಬಹಳ ಸಭ್ಯ. ಕಪ್ಪು ಹಿಡಿಯಿತೋ, ಕೆಳಗಿನ ಬಸಿಯ ಮೇಲೆ, ಅಂದರೆ ಸಾಸರಿನ ಮೇಲೆ, ಟಣಟಣ ಶುರು. ಸಿಕಂದರಾಬಾದಿನ ಇರಾನಿ ಹೋಟೆಲಿನಲ್ಲಿ ಪ್ರತಿ ಭಾನುವಾರ ಹಳೆಯ ಸಹೋದ್ಯೋಗಿಗಳ ಜೊತೆ ಕೂಡುತ್ತಿದ್ದವರು, ಆ ಸದ್ದಿಗೆ ಮಂದಿ ತಿರುಗಿ ನೋಡುತ್ತಾರೆಂದು ಹೋಗುವುದನ್ನೇ ಬಿಟ್ಟು ಎರಡು ವರ್ಷ. ಮನೆಯಲ್ಲಿ ಸ್ಟೀಲ್ ಲೋಟ, ಅದೂ ಅರ್ಧ.

ಪಟ್ಟಿ ನೋಡಲು ಕೈಗಡಿಯಾರದಂತೆಯೇ. ನಡುಕ ತಗ್ಗಲೆಂದು ದಿನಕ್ಕೆರಡು ಸಲ, ನಲವತ್ತು ನಿಮಿಷ, ಮಣಿಕಟ್ಟಿನ ನರಗಳಿಗೆ ಸಣ್ಣಗೆ ವಿದ್ಯುತ್ತಿನ ಚುಮುಚುಮು ಕೊಡುತ್ತದೆ. "ಇರುವಿ ಮೆರವಣಿಗಿ ಹೊಂಟಂಗ ಆಗತೈತಿ" ಎಂದರು ಅಪ್ಪ. ಎದುರುಮನೆಯಾಕೆ ತೆಲುಗಿನಲ್ಲಿ "ಟೈಮ್ ಎಂತಂಡಿ?" ಎಂದು ಕೇಳಿದಾಗ ಅದನ್ನೇ ನೋಡಿ "ಪದಿಹೇಡು" ಅಂದರು. ಪಟ್ಟಿ ತೋರಿಸುತ್ತಿದ್ದದ್ದು ಗಂಟೆಯಲ್ಲ, ಉಳಿದಿದ್ದ ನಿಮಿಷ, ಹದಿನೇಳು!

ಡಾಕ್ಟರು ಅದನ್ನು ಹದಿನೈದು ದಿನ ನೋಡಲು ಕೊಟ್ಟಿದ್ದರು. ಗುಣ ಕಾಣದಿದ್ದರೆ ವಾಪಸ್. ನಾನು ಲೋಟ ಮುಚ್ಚಿಟ್ಟು, ಪಟ್ಟಿ ಬಿಚ್ಚಿದ ಕೂಡಲೇ ತುಂಬಿದ ಕಪ್ಪು ಕೊಟ್ಟು, ಬಸಿಗೆ ಬಿದ್ದ ಚಹಾವನ್ನು ಕೆಮ್ಮಿನ ಔಷಧದ ಮುಚ್ಚಳದಲ್ಲಿ ಅಳೆಯತೊಡಗಿದೆ. ಮೊದಲ ದಿನ ಹನ್ನೆರಡು ಎಂಎಲ್, ನಾಲ್ಕನೆಯ ದಿನ ಏಳು, ಎಂಟನೆಯ ದಿನ ಮೂರು. ನನ್ನ ಹಿಗ್ಗು ಹೇಳತೀರದು. ಒಂಬತ್ತನೆಯ ದಿನ ನಲವತ್ತು! ಹತ್ತನೆಯ ದಿನ ಐವತ್ತು. ಪ್ರತಿ ಸಲವೂ ಬಸಿ ಎತ್ತಿಕೊಂಡು ಓಡಿ, ಅಳೆದು, ಬಚ್ಚಲಿಗೆ ಚೆಲ್ಲಿ, ಬರೆದುಕೊಂಡೆ.

ಹನ್ನೆರಡನೆಯ ದಿನ ಭಾರವಾದ ಮನಸ್ಸಿನಿಂದ ಪಟ್ಟಿಯನ್ನು ಪೆಟ್ಟಿಗೆಯಲ್ಲಿಡುತ್ತಿದ್ದೆ.

"ಎಲ್ಲಿಗೆ ಒಯ್ತೀ ಅದನ್ನ?" ಅಪ್ಪ ಕೇಳಿದರು.

"ವಾಪಸ್ ಕೊಡೂಣ್ರಿ ಅಪ್ಪಾ. ಚಾ ಮೊದಲಿಗಿಂತ ಭಾಳ ಚೆಲ್ಲಾಕತ್ತೈತಿ."

"ಚೆಲ್ಲೂದು ಎಲ್ಲೈತಿ? ನಾನ ಸುರುವಿಕೊಳ್ಳಾಕತ್ತೀನಿ! ಎರಡು ವರ್ಷದ ಮ್ಯಾಲೆ ಕೈ ನಿಂತೈತಿ, ಬಸಿಯೊಳಗ ಸುರುವಿಕೊಂಡು ಸೊರ್ ಅಂತ ಕುಡಿಯೂಣು ಅಂದ್ರ, ಬಾಯಿಗೆ ಇಡೂದ್ರಾಗ ನೀ ಕಸಗೊಂಡು ಓಡತಿ."

"ಮತ್ತ ಹೇಳಬಾರದೇನ್ರಿ?"

"ಡಾಕ್ಟರು ಹೇಳ್ಯಾರೇನೋ, ಅರ್ಧ ಕಪ್ಪು ಪಥ್ಯ ಅಂದ್ಕೊಂಡೆ."

ಅವ್ವ ಬಾಗಿಲಿಗೆ ಒರಗಿ ನಗುತ್ತಿದ್ದಳು. "ಇಷ್ಟೆಲ್ಲಾ ಬರ್ದಾಕಿ, ಒಮ್ಮೆ ಅವರ ಮಾರಿ ನೋಡಿದ್ರ ಸಾಕಿತ್ತು."

ಕಾರ್ಖಾನೆಯ ಪದ್ಧತಿಯಂತೆ ತಪ್ಪು ಅಂಕಿಗಳ ಮೇಲೆ ಒಂದೇ ಗೆರೆ ಎಳೆದು ಸಹಿ ಹಾಕಿದೆ. ಪಟ್ಟಿ ಮನೆಯಲ್ಲೇ ಉಳಿಯಿತು.

ಇವತ್ತು ಭಾನುವಾರ. ಅಪ್ಪ ನಲವತ್ತು ನಿಮಿಷ ಮುಗಿಸಿ, ಇಸ್ತ್ರಿ ಅಂಗಿ ತೊಟ್ಟು, ಎಂಟು ಗಂಟೆಗೆ ಸಿಕಂದರಾಬಾದಿಗೆ ಹೊರಟರು. "ನಾನೂ ಬರ್ಲೇನ್ರಿ?" ಎಂದೆ. "ಬ್ಯಾಡವ್ವಾ, ಅಲ್ಲಿ ಎಲ್ಲಾರ ಬಸಿನೂ ಹಿಡಕೊಂಡು ಓಡತಿ."

ಈಗ ಮಧ್ಯಾಹ್ನ ಒಂದೂವರೆ, ಅಪ್ಪ ಇನ್ನೂ ಬಂದಿಲ್ಲ. ಈ ಪಟ್ಟಿಯ ಗುಣ ಒಮ್ಮೆ ಕಟ್ಟಿದರೆ ಎಷ್ಟು ಹೊತ್ತು ನಿಲ್ಲುತ್ತದೆ? ಡಾಕ್ಟರು "ಒಬ್ಬೊಬ್ಬರಿಗೆ ಒಂದೊಂದು ಥರ" ಅನ್ನುತ್ತಾರೆ. ಬಲ್ಲವರು ಯಾರಾದರೂ ದಯವಿಟ್ಟು ಬರೆದು ತಿಳಿಸಿ. ನಮ್ಮ ಮನೆಯಲ್ಲಿ ಅದನ್ನು ಬಲ್ಲವರು ಒಬ್ಬರೇ, ಅವರು ಫೋನ್ ಎತ್ತುತ್ತಿಲ್ಲ.