ಹತ್ತು ಹನಿಯ ಜಾಡಿ

"ಹತ್ತು ಹನಿಯಿಂದ ಏನಾಗತದರಿ ಚನ್ನವೀರಣ್ಣ? ಒಂದು ಚಮಚ ಸುರೀರಿ!" ಎಂದಳು ಆಫೀಸಿನ ಶೀತಲ್.

ಭೋಸರಿಯ ಆ ಕಾರ್ಖಾನೆ ಅದಿರು ತೊಳೆದ ಕೆಸರುನೀರನ್ನು ತಿಳಿ ಮಾಡುವ ದೊಡ್ಡ ಉಕ್ಕಿನ ತೊಟ್ಟಿಗಳನ್ನು ಮಾರುತ್ತಿತ್ತು. ಸಂಡೂರಿನ ಕಡೆಯ ಅದಿರಿನ ಸಾಹುಕಾರ ಶಿವಪ್ಪನವರು ಇವತ್ತು ನೋಡಲು ಬರುವವರಿದ್ದರು. ಒಂದು ತೊಟ್ಟಿ ಮಾರಿಹೋದರೆ ಲ್ಯಾಬಿನ ಚನ್ನವೀರನ ನೌಕರಿ ಕಾಯಂ; ಇಲ್ಲವಾದರೆ ತಿಂಗಳ ಕೊನೆಗೆ ಮನೆಗೆ.

ಗಾಜಿನ ಜಾಡಿಯ ಕೆಂಪು ನೀರಿಗೆ ಔಷಧದ ಹತ್ತೇ ಹನಿ ಬಿಟ್ಟು, ಕೂಸಿನ ತೊಟ್ಟಿಲು ತೂಗಿದಂತೆ ಮೆಲ್ಲಗೆ ತಿರುವುತ್ತಿದ್ದ ಚನ್ನವೀರ. ಫೋನ್ ಬಂತೆಂದು ಬಾಗಿಲತನಕ ಹೋಗಿ ಬರುವಷ್ಟರಲ್ಲಿ ಶೀತಲ್ ಒಂದು ಚಮಚ ಸುರಿದಿದ್ದಳು. ಮಾರಾಟದ ಸ್ವಪ್ನಿಲ್ ಮಜ್ಜಿಗೆ ಕಡೆದಂತೆ ಗರಗರ ತಿರುವುತ್ತಿದ್ದ. ನೀರು ಲೋಳೆಯಾಗಿ, ಕೆಂಪಗೇ ನಿಂತಿತ್ತು.

"ಭಾಳ ಹಾಕಿದ್ರ ಲಗೂನ ಆಗಬೇಕಲ್ಲ?" ಎಂದ ಸ್ವಪ್ನಿಲ್.

"ಇದೇನು ಚಾಕ್ಕ ಹಾಕೋ ಸಕ್ರಿ ಏನೋ ತಮ್ಮಾ!" ಎಂದ ಚನ್ನವೀರ.

ಹೊರಗೆ ಕಾರು ಬಂದು ನಿಂತಿತು. ಕೆಸರು ಉಳಿದಿದ್ದು ಇನ್ನೊಂದೇ ಜಾಡಿಗೆ. ಇಬ್ಬರನ್ನೂ ಗೋಡೆಗೆ ಸರಿಸಿ, ಶಿವಪ್ಪನವರ ಎದುರಿಗೇ ಚನ್ನವೀರ ಎಣಿಸಿ ಹತ್ತು ಹನಿ ಬಿಟ್ಟು ಮೆಲ್ಲಗೆ ತಿರುವಿದ. ಕೆಂಪು ಕಣಗಳು ಉಂಡೆಯುಂಡೆಯಾಗಿ ಕೂಡಿ, ಊಟಕ್ಕೆ ಕರೆದ ಬೀಗರಂತೆ ದಡದಡ ಕೆಳಗಿಳಿದವು. ಮೇಲೆ ಕನ್ನಡಿಯಂಥ ನೀರು.

ಶಿವಪ್ಪನವರು ಜಾಡಿಗೆ ಮೂಗು ಹಚ್ಚಿದರು. "ಅಲಲಾ! ಇದು ಹೆಂಗ್ರಿ?"

ಈತನಕ ಯಾರೂ ಕೇಳಿರದ ಪ್ರಶ್ನೆ. ಚನ್ನವೀರ ಅರಳಿದ. "ಕಣಕ್ಕೆಲ್ಲ ಒಂದೇ ನಮೂನಿ ಚಾರ್ಜ್ ಇರತದರಿ, ಒಂದನ್ನೊಂದು ದೂಡತಾವ. ಈ ಔಷಧ ಉದ್ದನ್ನ ದಾರ ಇದ್ದಂಗ. ಕಣ ಎಲ್ಲ ಹಿಡಿದು ಗಂಟು ಕಟ್ಟತದ. ಗಂಟು ಭಾರ ಆಗಿ ತಳಕ್ಕ ಕೂಡತದ."

"ಜಾಸ್ತಿ ಆದ್ರ?"

"ಒಂದೊಂದು ಕಣಕ್ಕೂ ದಾರ ಸುತ್ತಿಬಿಡತದರಿ. ಇನ್ನೊಂದನ್ನ ಹಿಡಿಯಾಕ ಜಾಗಾನ ಉಳಿಯಂಗಿಲ್ಲ."

"ಔಷಧ ನೀವ ಮಾಡ್ತೀರೇನು?"

"ಇಲ್ರಿ, ಹೊರಗ ಚೀಲದಾಗ ಪುಡಿ ಸಿಗತದ, ನೀರಾಗ ಕಲಸೋದು ಅಷ್ಟ. ಯಾರ ಬೇಕಾದ್ರೂ ತರಬಹುದು."

"ಹಂಗಾದ್ರ ನಿಮ್ಮ ತೊಟ್ಟಿ ಯಾಕ ಬೇಕ್ರಿ? ನಮ್ಮಲ್ಲಿ ಹಳೇ ಹೊಂಡ ಅದ. ಎಂಟು ದಿನ ಬಿಟ್ರೂ ಅದರಾಗ ಕೆಸರು ತಳಕ್ಕ ಕೂಡವಲ್ದು ಅಂತ ಇಲ್ಲೀತನಕ ಬಂದಿದ್ದೆ!" ಶಿವಪ್ಪನವರು ಚನ್ನವೀರನ ಬೆನ್ನು ತಟ್ಟಿದರು. "ಎಷ್ಟು ಹನಿ, ಹೆಂಗ ತಿರುವೋದು, ಒಂದೀಟು ಬರದು ಕೊಡ್ರಿ."

"ಹೂಂರಿ," ಎಂದ ಚನ್ನವೀರ, ಬಾಡಿದ ದನಿಯಲ್ಲಿ.

ಹತ್ತಿರದಲ್ಲಿ ಕಾಗದವಿರಲಿಲ್ಲ. ಸ್ವಪ್ನಿಲ್ ತನ್ನ ಫೈಲಿನಿಂದ ಖಾಲಿ ಆರ್ಡರ್ ಫಾರ್ಮು ಎಳೆದು, ಮಗುಚಿ, ಹಿಂಬದಿಯನ್ನು ಮೇಲೆ ಮಾಡಿ ಅವನ ಮುಂದಿಟ್ಟ.