ಎರಡು ಕಿಂಡಿಯ ಪೆಟ್ಟಿಗೆ

ಆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಯೋಗೀಶನ ಫೋನು ಬರದೆ ಹೋಗಿದ್ದರೆ, ನವಿ ಮುಂಬಯಿಯ ನೆರೂಳದ ಲೀಲಾಧರ ಎಂದಿನಂತೆ ನೀರುದೋಸೆ ತಿಂದು ಮಲಗುತ್ತಿದ್ದ. ನಮಗೂ ಈ ಕತೆ ಹೇಳುವ ಕೆಲಸ ಬೀಳುತ್ತಿರಲಿಲ್ಲ. ಏನು ಮಾಡುವುದು, ಫೋನು ಬಂತು.

ಯೋಗೀಶ ಅವನ ಕಾಲೇಜಿನ ಗೆಳೆಯ. ಈಗ ಡೊಂಬಿವಿಲಿಯಲ್ಲಿ ನಾಟಕ ತಂಡ ಕಟ್ಟಿಕೊಂಡಿದ್ದಾನೆ. ಮುಂದಿನ ವಾರದ ನಾಟಕಕ್ಕೆ, ಪರದೆ ಏಳುವಾಗ ಎರಡು ನಿಮಿಷದ ಎಲೆಕ್ಟ್ರಿಕ್ ಗಿಟಾರ್ ಬೇಕಂತೆ. ಇವತ್ತು ಸಂಜೆ ಏಳರೊಳಗೆ ಮೇಲ್‌ನಲ್ಲಿ ಬಂದರೆ ಲೀಲಾಧರನದು, ಇಲ್ಲದಿದ್ದರೆ ಕೀಬೋರ್ಡಿನವನೇ ಗತಿ.

ಇಪ್ಪತ್ತೆರಡು ವರ್ಷಗಳಿಂದ ಲೀಲಾಧರ ಕಾದದ್ದು ಈ ಫೋನಿಗೇ. ವಾಶಿಯ ವಿಮಾ ಕಚೇರಿಯ ಗುಮಾಸ್ತನಾದ ಅವನ ಗಿಟಾರನ್ನು ಇಲ್ಲಿಯವರೆಗೆ ಕೇಳಿದವರು ಹೆಂಡತಿ ದಮಯಂತಿ ಮತ್ತು ಮಗಳು ಶ್ರದ್ಧಾ. ಇಬ್ಬರೂ ಇಷ್ಟಪಟ್ಟು ಕೇಳಿದವರಲ್ಲ. ಈಗ ಒಂದು ಸಭಾಗೃಹದ ತುಂಬ ಜನ ಕೇಳುತ್ತಾರೆಂದರೆ! "ಸಂಜೆ ಏಳು ಯಾಕೆ, ಐದಕ್ಕೇ ಕಳಿಸ್ತೇನೆ ಮಾರಾಯ" ಎಂದುಬಿಟ್ಟ.

ಮೊಬೈಲನ್ನು ಸ್ಪೀಕರಿನ ಮುಂದಿಟ್ಟು ಬಾರಿಸಿ ಕಳಿಸಿದ. ಡಬ್ಬದಲ್ಲಿ ಸಿಕ್ಕಿಬಿದ್ದ ನೊಣದ ಹಾಗಿದೆ ಎಂದು ಯೋಗೀಶ ಹಿಂದಿರುಗಿಸಿದ. ಗಿಟಾರಿನ ಕೇಬಲನ್ನು ನೇರ ಲ್ಯಾಪ್‌ಟಾಪಿಗೆ ಸೇರಿಸಲು ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ ಸಿಗುತ್ತದೆ, ಬ್ಯಾಗಿನಲ್ಲಿ ಹಾಕಿಕೊಂಡು ಎಲ್ಲಿಗೂ ಒಯ್ಯಬಹುದು, ಮೊದಲು ಅದನ್ನು ತಾ ಎಂದ. ಶ್ರದ್ಧಾ ನೆಟ್ಟಿನಲ್ಲಿ ಹುಡುಕಿ, "ಪಪ್ಪಾ, ಏಕ್ ಇನ್‌ಪುಟ್‌ವಾಲಾ ಕಾಫಿ ಹೈ" ಎಂದು ತೀರ್ಪು ಕೊಟ್ಟಳು. ಗಿಟಾರು ಒಂದು, ಹಾಗಾಗಿ ಪೆಟ್ಟಿಗೆಗೂ ಕೇಬಲು ಸಿಕ್ಕಿಸುವ ಕಿಂಡಿ ಒಂದೇ ಸಾಕು. ಅಷ್ಟು ಸರಳ.

ಸರಳವಾಗಿಯೇ ಉಳಿಯುತ್ತಿತ್ತು, ಲಿಫ್ಟಿನಲ್ಲಿ ತಾರಾನಾಥ ಸಿಗದಿದ್ದರೆ. ತಾರಾನಾಥ ಲೀಲಾಧರನ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ. ಕಟ್ಟಡದಲ್ಲಿ ಯಾರು ಫ್ರಿಜ್ ಕೊಂಡರೂ, ಪಂಪು ಕೊಂಡರೂ, ಅಳಿಯನನ್ನು ಗೊತ್ತು ಮಾಡಿದರೂ ಅವನು ಜೊತೆಗಿರಲೇಬೇಕು. ಕರೆಯದೆಯೇ ಠಾಣೆ ಊರಿಗೆ ಹೋಗುವ ಲೋಕಲ್ ರೈಲು ಹತ್ತಿ, ಅಲ್ಲಿನ ನೌಪಾಡಾದ ವಾದ್ಯಗಳ ಅಂಗಡಿಗೆ ಇವನಿಗಿಂತ ಮೊದಲು ಕಾಲಿಟ್ಟ.

ಅಂಗಡಿಯವನು ಒಂದು ಕಿಂಡಿಯದನ್ನೂ ಎರಡು ಕಿಂಡಿಯದನ್ನೂ ಮೇಜಿನ ಮೇಲಿಟ್ಟು, ಒಬ್ಬನೇ ಬಾರಿಸುವುದಾದರೆ ಮೊದಲನೆಯದು ಸಾಕು ಎಂದ. ಪ್ರಾಮಾಣಿಕ ಮನುಷ್ಯ ಪಾಪ. ತಾರಾನಾಥನಿಗೆ ಆ ಪ್ರಾಮಾಣಿಕತೆಯೇ ಅನುಮಾನ ಹುಟ್ಟಿಸಿತು.

"ಲೋಕಲಿನಲ್ಲಿ ಮೂರು ಜನರ ಸೀಟಲ್ಲಿ ನಾಲ್ಕನೆಯವನಿಗೂ ಜಾಗ ಮಾಡ್ತೇವೆ ನಾವು" ಎಂದ ತಾರಾನಾಥ. "ಇಲ್ಲಿ ಜಾಗವನ್ನೇ ಕೊಡ್ತಿದ್ದಾನೆ, ನೀವು ಬೇಡ ಅಂತೀರಲ್ಲ ಮಾರಾಯ್ರೆ. ಎರಡನೇದು ಸುಮ್ಮನೆ ಇರ್ಲಿ. ಅದೇನು ಅನ್ನ ಕೇಳ್ತದಾ?"

ಹದಿನೆಂಟು ವರ್ಷ ಲೋಕಲಿನಲ್ಲಿ ನೇತಾಡಿದವನು ಸಿಕ್ಕ ಜಾಗ ಬಿಡುವುದುಂಟೇ? ಲೀಲಾಧರ ಎರಡು ಕಿಂಡಿಯದನ್ನೇ ಕಟ್ಟಿಸಿಕೊಂಡ.

ಮಧ್ಯಾಹ್ನ ಎರಡರ ಹೊತ್ತಿಗೆ ಕಟ್ಟಡದ ಎಲ್ಲರಿಗೂ ಸುದ್ದಿ ಗೊತ್ತಿತ್ತು. ಲೀಲಾಧರಣ್ಣನ ಮನೆಗೆ ರೆಕಾರ್ಡಿಂಗಿನ ಪೆಟ್ಟಿಗೆ ಬಂದಿದೆ, ಅದರಲ್ಲಿ ಒಂದು ಕಿಂಡಿ ಖಾಲಿ ಇದೆ. ಶ್ರದ್ಧಾ ಲ್ಯಾಪ್‌ಟಾಪಿನಲ್ಲಿ ಎರಡೂ ಕಿಂಡಿಗಳನ್ನು ಸಿದ್ಧ ಮಾಡಿಟ್ಟು ಗೆಳತಿಯ ಮನೆಗೆ ಹೋದಳು. ಮೂರಕ್ಕೆ ಬಾಗಿಲು ಬಡಿದವರು ಎರಡನೇ ಮಹಡಿಯ ಉಮಾವತಿಯಕ್ಕ, ಮಹಿಳಾ ಭಜನಾ ಮಂಡಳಿಯ ಅಧ್ಯಕ್ಷೆ. ಮಂಡಳಿಗೆ ಹತ್ತು ವರ್ಷ ತುಂಬಿದೆ, ಸಿ.ಡಿ. ಮಾಡಬೇಕು, ಖಾಲಿ ಕಿಂಡಿ ಹೇಗೂ ಖಾಲಿಯೇ ಅಲ್ಲವೇ? ಹದಿನಾಲ್ಕು ಹೆಂಗಸರು, ನಾಲ್ಕು ಜೊತೆ ತಾಳ, ಹನ್ನೊಂದು ಭಜನೆ. ನಾಲ್ಕು ಗಂಟೆಗೆ ಬರುತ್ತಾರಂತೆ.

ಲೀಲಾಧರ ಲೆಕ್ಕ ಹಾಕಿದ. ನಾಲ್ಕಕ್ಕೆ ಕೂತ ಭಜನೆ ಮಂಗಳಕ್ಕೆ ಬರುವಾಗ ಎಂಟು. ಅಷ್ಟು ಹೊತ್ತಿಗೆ ಕೀಬೋರ್ಡಿನವನು ಹಾರ ಹಾಕಿಸಿಕೊಂಡಿರುತ್ತಾನೆ. ಬಾಯಿಗೆ ಬಂದದ್ದನ್ನು ಹೇಳಿದ. "ಎರಡನೇ ಕಿಂಡಿ ಕೆಟ್ಟಿದೆ ಉಮಾವತಿಯಕ್ಕ. ಶಬ್ದವೇ ಹೋಗುದಿಲ್ಲ."

ಅವರು ಮುಖ ಸಣ್ಣ ಮಾಡಿಕೊಂಡು ಇಳಿದುಹೋದರು. ತನ್ನ ಜಾಣತನಕ್ಕೆ ತಾನೇ ಮೆಚ್ಚಿದ ಲೀಲಾಧರ, ಜೀವನದ ಮೊದಲ ರೆಕಾರ್ಡಿಂಗು, ಮಡಿಯಾಗಿಯೇ ಆಗಲಿ ಎಂದು ಇನ್ನೊಮ್ಮೆ ಸ್ನಾನಕ್ಕೆ ಹೋದ.

ಮೈ ಒರೆಸಿಕೊಂಡು ಬಂದು ನೋಡಿದರೆ ಮೇಜಿನ ಮೇಲೆ ಗಿಟಾರಿದೆ, ಲ್ಯಾಪ್‌ಟಾಪಿದೆ, ಪೆಟ್ಟಿಗೆಯಿಲ್ಲ.

"ತಾರಾನಾಥಣ್ಣ ಬಂದಿದ್ರು" ಎಂದಳು ದಮಯಂತಿ, ಚಹಾ ಸೋಸುತ್ತ. "ಕಿಂಡಿ ಕೆಟ್ಟದ್ದಂತೆ ಅಲ್ವಾ? ಉಮಾವತಿಯಕ್ಕ ಹೇಳಿದ್ರಂತೆ. ನಾನು ಆರಿಸಿದ ಮಾಲು ಕೆಟ್ಟದ್ದು ಅಂದ್ರೆ ನನ್ನ ಮರ್ಯಾದೆ ಎಂತಾಗ್ಬೇಕು, ಈಗ್ಲೇ ಬದಲಾಯಿಸಿ ತರ್ತೇನೆ ಅಂತ ಠಾಣೆಯ ಅಂಗಡಿಗೆ ತಗೊಂಡು ಹೋದ್ರು. ಒಳ್ಳೇ ಜನ."

ಲೀಲಾಧರನಿಗೆ ಅಳು ಬಂತು. ನಿಜವಾಗಿಯೂ ಬಂತು. ತಾರಾನಾಥನಿಗೆ ಫೋನು ಮಾಡಿದರೆ ಸದಾ ಎಂಗೇಜು. ಆದರೆ ಲೀಲಾಧರನೂ ಸಾಮಾನ್ಯನಲ್ಲ. ಎಲ್ಲಿಗೂ ಒಯ್ಯುವ ಪೆಟ್ಟಿಗೆಯಾದರೆ ಅದು ಇರುವಲ್ಲಿಗೇ ಹೋಗಿ ಬಾರಿಸಬಹುದಲ್ಲ! ಗಿಟಾರು ಬೆನ್ನಿಗೆ, ಲ್ಯಾಪ್‌ಟಾಪು ಎದೆಗೆ ಕಟ್ಟಿಕೊಂಡು ಸ್ಟೇಶನ್ನಿಗೆ ಓಡಿದ. ಭಾನುವಾರವಾದ್ದರಿಂದ ಮೆಗಾ ಬ್ಲಾಕು, ಹಳಿ ದುರಸ್ತಿಗೆಂದು ಅರ್ಧ ಗಾಡಿಗಳೇ ಇಲ್ಲ. ಒಂದೂವರೆ ಗಂಟೆ ಕಾದ ಮೇಲೆ ಬಂದ ಲೋಕಲಿನಲ್ಲಿ ಗಿಟಾರಿನ ಕುತ್ತಿಗೆ ಒಬ್ಬರ ಬೆನ್ನಿಗೆ, ತಳ ಇನ್ನೊಬ್ಬರ ಹೊಟ್ಟೆಗೆ ಚುಚ್ಚುತ್ತ, ಇಬ್ಬರ ಬೈಗುಳವನ್ನೂ ಕೇಳುತ್ತ ಠಾಣೆ ಮುಟ್ಟಿದ.

ಅಂಗಡಿಯಲ್ಲಿ ಬೇರೆಯೇ ನಾಟಕ ಮುಗಿದಿತ್ತು. ಅಂಗಡಿಯವನು ಎರಡನೇ ಕಿಂಡಿಗೆ ಮೈಕು ಸಿಕ್ಕಿಸಿ, ತಾರಾನಾಥನ ಕೈಯಲ್ಲೇ ಹಲೋ ಹಲೋ ಅನ್ನಿಸಿ, ಏನೂ ಕೆಟ್ಟಿಲ್ಲವೆಂದು ತೋರಿಸಿಕೊಟ್ಟಿದ್ದ. ಇನ್ನೂ ಸಿಕ್ಕಿಸಿಯೇ ಇದ್ದ ಮೈಕಿನ ಮುಂದಿನ ಸ್ಟೂಲಿನಲ್ಲಿ ತಾರಾನಾಥ ಮುಖ ಊದಿಸಿಕೊಂಡು ಕೂತಿದ್ದ.

"ನೀವು ಸುಳ್ಳು ಹೇಳಿದ್ದು" ಎಂದ.

"ಹೌದು, ಹೇಳಿದ್ದು. ಹತ್ತು ನಿಮಿಷ ಬಿಡಿ ಮಾರಾಯ್ರೆ, ಆಮೇಲೆ ಬೇಕಾದ್ರೆ ನೋಟೀಸ್ ಬೋರ್ಡಿನಲ್ಲಿ ಹಾಕಿ."

ಆರೂ ಇಪ್ಪತ್ತು. ಅಂಗಡಿಯವನು ಕನಿಕರಪಟ್ಟು ಪೆಟ್ಟಿಗೆಯ ಪಕ್ಕದಲ್ಲೇ ಜಾಗ ಕೊಟ್ಟ. ಲೀಲಾಧರ ಮೊದಲ ಕಿಂಡಿಗೆ ಗಿಟಾರು ಸಿಕ್ಕಿಸಿದ, ಹೆಡ್‌ಫೋನ್ ಏರಿಸಿದ, ಕೆಂಪು ಗುಂಡಿ ಒತ್ತಿದ. ಅಬ್ಬ, ಏನು ನುಡಿಸಿದ ಎನ್ನುತ್ತೀರಿ! ಬೆಳಗಿನಿಂದ ಅನುಭವಿಸಿದ್ದೆಲ್ಲ ತಂತಿಗೆ ಇಳಿಯಿತು. ಕಿವಿ ತುಂಬಿದ ಅಬ್ಬರದಲ್ಲಿ ಅವನಿಗೆ ಬೇರೇನೂ ಕೇಳಿಸಲಿಲ್ಲ. ನಡುವೆ ಒಮ್ಮೆ ಕಣ್ಣು ತೆರೆದಾಗ ತಾರಾನಾಥ ಮೊಬೈಲು ಕಿವಿಗಿಟ್ಟುಕೊಂಡು ಬಲಗೈ ಬೀಸುತ್ತಿದ್ದ. ಕೊನೆಗೂ ಇವನಿಗೆ ಸಂಗೀತ ಹಿಡಿಸಿತು, ತಾಳ ಹಾಕುತ್ತಿದ್ದಾನೆ ಎಂದುಕೊಂಡು ಲೀಲಾಧರ ಇನ್ನಷ್ಟು ಉಕ್ಕಿದ.

ಮುಗಿಸಿ ನೋಡಿದರೆ ಲ್ಯಾಪ್‌ಟಾಪಿನಲ್ಲಿ ಎರಡು ಫೈಲು. ಒಂದು ಎಡ ಸ್ಪೀಕರಿನದು, ಒಂದು ಬಲದ್ದು ಎಂದು ತಾನೇ ನಿರ್ಧರಿಸಿ, ಕೇಳಿ ನೋಡಲು ಹೊತ್ತಿಲ್ಲದೆ, ಎರಡನ್ನೂ ಕಳಿಸಿದ. ಆರೂ ಐವತ್ತೆರಡು. ಗೆದ್ದೆ ಎಂದು ಅಂಗಡಿಯವನನ್ನು ತಬ್ಬಿಕೊಂಡ.

ಠಾಣೆಯ ರೈಲು ಸ್ಟೇಶನ್ನಿನಲ್ಲಿ, ಮುಖ ಕೊಡದ ತಾರಾನಾಥನ ಪಕ್ಕದಲ್ಲಿ ನಿಂತು ಗಾಡಿ ಕಾಯುತ್ತಿದ್ದಾಗ ಯೋಗೀಶನ ಫೋನು ಬಂತು.

"ಲೀಲಾ, ಎಂತ ಮಾಲು ಕಳಿಸಿದ್ದಿ ಮಾರಾಯ! ಇಡೀ ತಂಡ ಬಿದ್ದು ಬಿದ್ದು ನಗ್ತಾ ಉಂಟು."

"ನಗುದಾ?"

"ಮತ್ತೆ? ‘ಸಿ ವಿಂಗಿನ ಲೀಲಾಧರನ ಹಾಗೆ ಸುಳ್ಳು ಹೇಳುವವನನ್ನು ನಾನು ಕಂಡಿಲ್ಲ ಉಮಾವತಿಯಕ್ಕ, ಮೀಟಿಂಗ್ ಕರೀತೇನೆ, ನೀರು ಬಂದ್ ಮಾಡಿಸ್ತೇನೆ.’ ಎರಡು ನಿಮಿಷ, ಒಂದು ಉಸಿರು ತೆಗೀದೆ! ನಮ್ಮ ನಾಟಕವೇ ಸೊಸೈಟಿ ಜಗಳದ್ದು. ಅಂಥ ಸೆಕ್ರೆಟರಿ ಸಿಗದೆ ಎರಡು ತಿಂಗಳಿಂದ ಒದ್ದಾಡ್ತಿದ್ದೆ. ಪರದೆ ಏಳುವಾಗ ಇದೇ ಧ್ವನಿ, ಆಮೇಲೆ ಆ ಮನುಷ್ಯನೇ ಸ್ಟೇಜಿಗೆ."

ಲೀಲಾಧರ ಕೇಳಿದ. "ಗಿಟಾರು?"

"ಅದೇ ಹೇಳುದಕ್ಕೆ ಫೋನು ಮಾಡಿದ್ದು. ನಿನ್ನ ಪೆಟ್ಟಿಗೆ ಬಹಳ ಒಳ್ಳೇದು. ಎರಡೂ ಬೇರೆ ಬೇರೆ ಬಂದಿದೆ. ಒಂದೇ ಕಿಂಡಿಯದ್ದಾಗಿದ್ರೆ ಎರಡೂ ಕಲಸಿಹೋಗ್ತಿತ್ತು. ಈಗ ಗಿಟಾರ್ ತೆಗೆದುಹಾಕುದಕ್ಕೆ ಒಂದು ನಿಮಿಷವೂ ಬೇಕಾಗ್ಲಿಲ್ಲ. ಆ ಮಹಾನುಭಾವರ ನಂಬರ್ ಕೊಡು."

ಗಾಡಿ ಬರುತ್ತಿತ್ತು. ಲೀಲಾಧರ ಮೊಬೈಲನ್ನು ತಾರಾನಾಥನ ಕೈಗಿಟ್ಟ.

"ನಿಮಗೆ" ಎಂದ.