ಗೇಟಿಲ್ಲದ ಡ್ಯಾಮಿನ ದಂಡೆಯಲ್ಲಿ ಡೇರೆ

ನೀರಿನ ವಿಷಯದಲ್ಲಿ ಚನ್ನಬಸವರಾಜನಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಇದು ಬೇರೆ ಯಾರೋ ಹೇಳಿದ ಮಾತಲ್ಲ, ಅವನೇ ಹೇಳಿದ್ದು. ಹುಟ್ಟಿದ್ದು ಸಿರುಗುಪ್ಪದ ಕಾಲುವೆ ದಂಡೆಯಲ್ಲಿ, ಬೆಳೆದದ್ದು ಭತ್ತದ ಗದ್ದೆಯ ಕೆಸರಿನಲ್ಲಿ, ಈಗ ಅನ್ನ ಉಣ್ಣುತ್ತಿರುವುದು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಮೋಟರ್ ಪಂಪು ಮಾರಿ. ಇಂಥ ಜಲತಜ್ಞ ಯುಗಾದಿಯ ಮರುದಿನ, ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿರುವಾಗಲೇ ಘೋಷಣೆ ಹೊರಡಿಸಿದ.

"ಈ ಸಲ ರಜಾಕ್ಕ ಎಲ್ಲಾರ್ನೂ ನಾನ ಕರ್ಕೊಂಡು ಹೋಗ್ತೀನಿ. ಸಮುದ್ರಕ್ಕ! ಲಾಡ್ಜಿನಾಗ ಅಲ್ಲ, ಟೆಂಟಿನಾಗ!"

ಎದುರಿಗೆ ಕೂತಿದ್ದವನು ಹೆಂಡತಿ ದಾಕ್ಷಾಯಣಿಯ ಅಣ್ಣ, ಕುರುಗೋಡಿನ ಅಮರೇಶ. ಇಪ್ಪತ್ತೆರಡು ವರ್ಷದಿಂದ ಈ ಕುಟುಂಬದ ಪ್ರವಾಸ ಖಾತೆ ಅವನದೇ. ಎಲ್ಲಿಗೆ ಹೋಗಬೇಕು, ಎಲ್ಲಿ ಉಣ್ಣಬೇಕು, ಯಾವ ದೇವರಿಗೆ ಎಷ್ಟು ಹೊತ್ತು ಕೈ ಮುಗಿಯಬೇಕು ಎಲ್ಲವೂ ಅವನ ಅಪ್ಪಣೆ. ಮೂರು ಸಾಲು ಸೀಟಿನ ದೊಡ್ಡ ಗಾಡಿ ಬೇರೆ ಅವನ ಹತ್ತಿರ ಇತ್ತು. ಅದರ ಮೂರನೆಯ ಸಾಲಿನಲ್ಲಿ ಚೀಲ, ಚಾಪೆ, ಚಕ್ಕುಲಿ ಡಬ್ಬಿಗಳ ನಡುವೆ, ಮೊಳಕಾಲು ಗದ್ದಕ್ಕೆ ತಾಗಿಸಿಕೊಂಡು ಕೂರುವ ಗೌರವ ಚನ್ನಬಸವರಾಜನದು. ಅರ್ಧ ಕರ್ನಾಟಕವನ್ನು ಅವನು ಎರಡು ಚೀಲಗಳ ಸಂದಿಯಿಂದಲೇ ನೋಡಿದ್ದ!

ಅಮರೇಶ ಹೋಳಿಗೆ ಮುರಿಯುತ್ತ ಕೇಳಿದ. "ಭಾವ, ಸಮುದ್ರ ಅಂದ್ರ ಏನು ಅಂತ ತಿಳ್ಕೊಂಡೀರಿ?"

"ಏನೈತೋ ಅದರಾಗ? ಗೇಟಿಲ್ಲದ ಡ್ಯಾಮು!"

"ಏನಾರ ಹೆಚ್ಚು ಕಡಿಮಿ ಆದ್ರ?"

"ಆದ್ರ ಸಾಯೋತನಕ ನಿನ್ನ ಗಾಡಿ ಹಿಂದಿನ ಸೀಟು ನನ್ನದು! ಕಿಟಕಿ ತೆಗಿ ಅಂತ ಸೈತ ಕೇಳಂಗಿಲ್ಲ. ಆಗಲಿಲ್ಲ ಅಂದ್ರ ಮುಂದಿನ ದಸರಾದಿಂದ ಮುಂದಿನ ಸೀಟು ನಂದು. ಎಲ್ಲಿಗೆ ಹೋಗಬೇಕು ಅನ್ನೋದೂ ನಂದು!"

ಅಮರೇಶ ನಕ್ಕು ಇನ್ನೊಂದು ಹೋಳಿಗೆ ಹಾಕಿಸಿಕೊಂಡ. ದಾಕ್ಷಾಯಣಿ ಮಾತ್ರ ನಗಲಿಲ್ಲ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಪ್ರತಿಜ್ಞೆಗಳ ಬೆಲೆ ಗೊತ್ತಿತ್ತು.

ಟೆಂಟು ಆನ್‌ಲೈನಿನಲ್ಲಿ ಬಂತು. ಜೊತೆಗೆ ಬಂದ ಸಣ್ಣ ಗೂಟಗಳನ್ನು ಕೈಯಲ್ಲಿ ಹಿಡಿದು ಚನ್ನಬಸವರಾಜ ಗಹಗಹಿಸಿ ನಕ್ಕ. "ಇವು ಗೂಟ ಏನ? ಹಲ್ಲಾಗ ಸಿಕ್ಕಿದ್ದು ತೆಗಿಯಾಕ ಕೊಟ್ಟಿರಬೇಕು!" ಬಳ್ಳಾರಿಯ ನೆಲವೆಂದರೆ ನೆಲ; ಮೊಳೆ ಹೊಡೆದರೆ ಕಿಡಿ ಹಾರುತ್ತದೆ. ಅಂಥ ನೆಲದವನು ಕಮ್ಮಾರನ ಹತ್ತಿರ ಹೋಗಿ ಒಂದೂವರೆ ಅಡಿಯ ಹನ್ನೆರಡು ಕಬ್ಬಿಣದ ಗೂಟ ಮಾಡಿಸಿ ತಂದ. ಆನೆ ಕಟ್ಟಿದರೂ ಅಲುಗುವುದಿಲ್ಲವೆಂದು ಕಮ್ಮಾರ ಮಾತು ಕೊಟ್ಟಿದ್ದ!

ತಾಲೀಮು ಪಾರ್ವತಿನಗರದ ಮನೆಯ ಮಾಳಿಗೆಯ ಮೇಲೆ ನಡೆಯಿತು. ಕಾಂಕ್ರೀಟಿಗೆ ಗೂಟ ಇಳಿಯದ್ದರಿಂದ ನಾಲ್ಕು ನೀರಿನ ಡ್ರಮ್ಮಿಗೆ ಹಗ್ಗ ಕಟ್ಟಿ ಡೇರೆ ನಿಲ್ಲಿಸಲಾಯಿತು. ಪಕ್ಕದ ಮನೆಯ ಹಂಪಮ್ಮ ಗೋಡೆಯ ಮೇಲಿಂದ ಇಣುಕಿ, "ಲಗ್ನ ಯಾರದ್ರಿ? ಪೆಂಡಾಲ್ ಭಾಳ ಸಣ್ಣದಾತು," ಅಂದಳು. ಇದನ್ನು ಅವನು ಶುಭಶಕುನವೆಂದೇ ತಿಳಿದ.

ಬೆಳಗಿನ ಜಾವ ಹೊರಟ ಕಾರು ಹುಬ್ಬಳ್ಳಿ ದಾಟಿ, ಘಟ್ಟ ಇಳಿದು, ಹನ್ನೆರಡೂವರೆಗೆ ಕಾರವಾರದ ಆಚೆ ಒಂದು ಪುಟ್ಟ ಕಡಲ ದಂಡೆಯಲ್ಲಿ ನಿಂತಿತು. ಕಾರಿನಲ್ಲಿದ್ದವರು ನಾಲ್ವರು. ಚನ್ನಬಸವರಾಜ, ದಾಕ್ಷಾಯಣಿ, ಮೊಬೈಲಿನಿಂದ ತಲೆ ಎತ್ತದ ಮಗಳು ರಶ್ಮಿ, ಮತ್ತು ತಾಯಿ ಚನ್ನವೀರಮ್ಮ. ಎಪ್ಪತ್ತಾರರ ಮುದುಕಿ ಸಮುದ್ರ ನೋಡುತ್ತಿದ್ದದ್ದು ಇದೇ ಮೊದಲು.

ಚನ್ನವೀರಮ್ಮನಿಗೆ ಒಂದು ಅಭ್ಯಾಸ. ಯಾವ ಊರಿಗೆ ಹೋಗಲಿ, ಯಾರ ಮನೆಗೆ ಹೋಗಲಿ, ಚಪ್ಪಲಿ ಬಿಡುವ ಮುಂಚೆ ಮೊದಲ ಪ್ರಶ್ನೆ: "ನಿಮ್ಮಲ್ಲಿ ನೀರು ಎಷ್ಟಕ್ಕ ಬರತೈತಿ?" ನಲ್ಲಿಯ ಕಾವಲು ಕಾದು ಕಾದು ಹಣ್ಣಾದ ಜೀವ ಅದು. ದಾಕ್ಷಾಯಣಿಯನ್ನು ನೋಡಲು ಕುರುಗೋಡಿಗೆ ಹೋದಾಗಲೂ ಹುಡುಗಿಯ ಹೆಸರು ಕೇಳುವ ಮೊದಲು ಇದನ್ನೇ ಕೇಳಿದ್ದಳು.

ಕ್ಯಾಂಪಿನ ಒಡತಿ ನೀಲಾವತಿ ಗಾಳಿಮರಗಳ ಕೆಳಗೆ ಜಾಗ ತೋರಿಸಿದಳು. "ಟೆಂಟು ಇಲ್ಲೇ ಹಾಕಿ. ಕೆಳಗೆ ಮಾತ್ರ ಬೇಡ," ಎಂದು ಹೇಳಿ, ಮೀನು ಮುಟ್ಟದ ಹೊಸ ಪಾತ್ರೆಯಲ್ಲೇ ಅಡುಗೆಯಾಗಬೇಕೆಂದು ದಾಕ್ಷಾಯಣಿ ಹಠ ಹಿಡಿದದ್ದರಿಂದ ಪಾತ್ರೆ ತರಲು ಪೇಟೆಗೆ ಹೋದಳು.

ಚನ್ನಬಸವರಾಜ ಸುತ್ತಿಗೆ ಎತ್ತಿದ. ಮೊದಲ ಗೂಟ ಒಂದೇ ಏಟಿಗೆ ಪೂರ್ತಿ ಇಳಿಯಿತು. ಹಗ್ಗ ಎಳೆದರೆ ಅಷ್ಟೇ ಸಲೀಸಾಗಿ ಮೇಲೆ ಬಂತು. ಎರಡನೆಯದೂ ಹಾಗೇ, ಹನ್ನೆರಡನೆಯದೂ ಹಾಗೇ! ಸಕ್ಕರೆ ಚೀಲಕ್ಕೆ ಗೂಟ ಹೊಡೆದಂಥ ಅನುಭವ. ರಶ್ಮಿ ಇದನ್ನು ಮೊಬೈಲಿನಲ್ಲಿ ಹಿಡಿಯತೊಡಗಿದಳು.

"ಆ ಕಂಪನಿ ಗೂಟದ ಜೋಡಿ ಮರಳು ತುಂಬಾಕ ಚೀಲ ಕೊಟ್ಟಿದ್ರಲ್ರಿ, ಅವು ಎಲ್ಲಿ?" ಎಂದಳು ದಾಕ್ಷಾಯಣಿ.

"ಅದರಾಗ ಮನಿ ಕೆಲಸದ ಸುಂಕಮ್ಮಗ ಶೇಂಗಾ ಕೊಟ್ಟು ಕಳಿಸೀನಿ. ನೀ ಸುಮ್ಮನಿರು. ನೆಲ ಸರಿ ಇಲ್ಲ, ಅದಕ್ಕ ನಾ ಏನು ಮಾಡ್ಲಿ?"

ಆಗ ಅವನ ಕಣ್ಣಿಗೆ ಬಿತ್ತು ಆ ಸ್ವರ್ಗ! ಕೆಳಗೆ, ಅಲೆಗಳಿಗೂ ಗಾಳಿಮರಗಳಿಗೂ ನಡುವೆ, ಒತ್ತಿ ಬಳಿದ ಅಂಗಳದಂಥ ವಿಶಾಲವಾದ ಹಸಿ ಮರಳು. ಓಡಿಹೋಗಿ ಒಂದು ಗೂಟ ಹೊಡೆದ. ಹತ್ತು ಏಟಿಗೆ ಇಳಿಯಿತು. ಎಳೆದ, ಅಲುಗಲಿಲ್ಲ. ಕಾಲು ಕೊಟ್ಟು ಎಳೆದ, ಆಗಲೂ ಅಲುಗಲಿಲ್ಲ. "ನೋಡ್ರಿಲ್ಲೇ!" ಎಂದು ಕೂಗಿದ. "ಒಳ್ಳೇ ಜಾಗ ತನಗ ಇಟ್ಕೊಂಡು ನಮಗ ಸಡ್ಲ ನೆಲ ತೋರಿಸ್ಯಾಳ ಆಕಿ!"

ಚನ್ನವೀರಮ್ಮ ಮೆಲ್ಲಗೆ ಇಳಿದು ಬಂದು, ಬಗ್ಗಿ, ಮರಳನ್ನು ಬೆರಳಿನಿಂದ ಒತ್ತಿ ನೋಡಿದಳು. "ಬಸಣ್ಣ, ನೆಲ ಹಸಿ ಐತಲ್ಲೋ. ಇಲ್ಲಿ ನಿಂತಿದ್ದ ನೀರು ಎಲ್ಲಿಗೆ ಹೋತು? ತಿರುಗಿ ಎಷ್ಟಕ್ಕ ಬರತೈತಿ? ಯಾರನ್ನಾರ ಕೇಳು."

ಅವನಿಗೆ ನಗು ತಡೆಯಲಾಗಲಿಲ್ಲ. "ಯವ್ವಾ, ಇದು ಪಾರ್ವತಿನಗರದ ನಲ್ಲಿ ಅಲ್ಲ, ಸಮುದ್ರ! ನೀರು ಒಮ್ಮೆ ಹಿಂದಕ್ಕ ಸರೀತು ಅಂದ್ರ, ಮೇಲಿಂದ ಯಾರಾರ ಬಿಡೋತನಕ ಬರಂಗಿಲ್ಲ. ಇದು ಕಾಲುವಿ ಕಾನೂನು. ಸಮುದ್ರದ ಮೇಲೆ ಯಾವ ಡ್ಯಾಮ್ ಐತಿ ಹೇಳು? ಬಿಡೋರು ಯಾರು?"

ಮುದುಕಿ ಮೇಲೆ ಹೋಗಿ, ಮಗುಚಿಟ್ಟ ದೋಣಿಯ ನೆರಳಲ್ಲಿ ಬಲೆ ಹೊಲಿಯುತ್ತಿದ್ದ ಒಬ್ಬ ಅಜ್ಜನ ಪಕ್ಕ ಕೂತಳು.

ಎರಡು ಗಂಟೆಗೆ ಡೇರೆ ಎದ್ದು ನಿಂತಿತು. ಕೆಂಪು ಬಣ್ಣ, ಹನ್ನೆರಡು ಗೂಟ, ಬಿಗಿದ ಹಗ್ಗ. ಚನ್ನಬಸವರಾಜ ಅದರ ಮುಂದೆ ಸೊಂಟದ ಮೇಲೆ ಕೈ ಇಟ್ಟು ನಿಂತು ಫೋಟೊ ತೆಗೆಸಿ, "ಮುಂದಿನ ಸೀಟು ಒರೆಸಿ ಇಡು" ಎಂದು ಬರೆದು ಅಮರೇಶನಿಗೆ ಕಳಿಸಿದ. ಆಮೇಲೆ ನಾಲ್ಕು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೊಂದು ತಟ್ಟೆ ಮಂಡಕ್ಕಿ ಒಗ್ಗರಣೆ. ಇಷ್ಟಾದ ಮೇಲೆ ಬಳ್ಳಾರಿಯ ಮನುಷ್ಯ ಮಧ್ಯಾಹ್ನ ಮಲಗದಿದ್ದರೆ ಊಟಕ್ಕೇ ಅವಮಾನ. ಪ್ಯಾಂಟು ಬಿಚ್ಚಿ ಡೇರೆಯ ಒಳಗಿನ ಕೊಕ್ಕೆಗೆ ತೂಗುಹಾಕಿ, ಬನಿಯನ್ನು ಮತ್ತು ಪಟ್ಟಾಪಟ್ಟಿ ಚಡ್ಡಿಯಲ್ಲಿ ಅಡ್ಡಾದ. ಕಾರಿನ ಕೀಲಿ ಆ ಪ್ಯಾಂಟಿನ ಜೇಬಿನಲ್ಲೇ ಇತ್ತು.

ಕಣ್ಣು ಮುಚ್ಚುತ್ತಿರುವಾಗ ತಾಯಿಯ ತಲೆ ಒಳಗೆ ಇಣುಕಿತು. "ಬಸಣ್ಣ, ಆ ಬಲಿ ಹೊಲಿಯೋ ಅಜ್ಜ ಏನಂತಾನ ಅಂದ್ರ..."

"ಯವ್ವಾ! ಮೋಟರ್ ಮಾರೋನಿಗೆ ನೀರಿನ ಪಾಠ ಹೇಳಬ್ಯಾಡ. ನೀನೂ ಹೋಗಿ ಮಕ್ಕೋ."

ಚನ್ನವೀರಮ್ಮ ರೊಟ್ಟಿಯ ಗಂಟು, ಚಾಪೆ, ಎಲ್ಲರ ಚಪ್ಪಲಿ, ತನ್ನ ವಿಭೂತಿ ಡಬ್ಬಿ ಎತ್ತಿಕೊಂಡು, ಸೊಸೆ ಮೊಮ್ಮಗಳನ್ನು ಎಬ್ಬಿಸಿಕೊಂಡು ದೋಣಿಯ ಹತ್ತಿರ ಹೋದಳು.

ಚನ್ನಬಸವರಾಜನಿಗೆ ಸೊಗಸಾದ ಕನಸು ಬಿತ್ತು. ಸಿರುಗುಪ್ಪದ ಗದ್ದೆಗೆ ಕಾಲುವೆ ನೀರು ಬಿಟ್ಟಿದ್ದಾರೆ. ಅಪ್ಪ ಬದುವಿನ ಮೇಲೆ ನಿಂತು ನಗುತ್ತಿದ್ದಾನೆ. ನೀರು ತಣ್ಣಗೆ ಪಾದ ಮುಟ್ಟಿತು, ಮೊಳಕಾಲಿಗೆ ಬಂತು, ಬೆನ್ನ ಕೆಳಗೆ ಹರಿಯಿತು. ಕನಸಿಗೆ ಇಷ್ಟು ಒದ್ದೆ ಇರಬಾರದಲ್ಲ ಎಂದು ಅವನಿಗೆ ನಿದ್ದೆಯಲ್ಲೇ ಅನುಮಾನ ಬಂತು. ತಟ್ಟನೆ ಎದ್ದು ಕೂತವನು, ಬಳ್ಳಾರಿಯ ಯಾವ ಗೃಹಸ್ಥನಾದರೂ ಕೂಗುವಂತೆ, ಹೊಟ್ಟೆಯಿಂದ ಕೂಗಿದ.

"ಲೇ, ಟ್ಯಾಂಕು ತುಂಬಿ ಹರಿಯಾಕ ಹತ್ತೈತಿ! ಮೋಟ್ರು ಬಂದ್ ಮಾಡ್ರಲೇ!"

ಅರಬ್ಬೀ ಸಮುದ್ರ ಮೋಟ್ರು ಬಂದ್ ಮಾಡಲಿಲ್ಲ. ಬದಲಿಗೆ ಇನ್ನೊಂದು ಅಲೆ ಕಳಿಸಿತು. ಡೇರೆಯ ಜಿಪ್ಪು ಎಳೆದ, ಮರಳು ಕಚ್ಚಿಕೊಂಡು ಅರ್ಧಕ್ಕೆ ನಿಂತಿತು. ಆ ಅರ್ಧ ಕಿಂಡಿಯಲ್ಲಿ ತಲೆ ತೂರಿಸಿದ, ಹೊಟ್ಟೆ ಒಲ್ಲೆ ಎಂದಿತು. ನಾಲ್ಕು ರೊಟ್ಟಿ ತಿಂದ ಹೊಟ್ಟೆ! ಮೂರನೆಯ ಅಲೆ ಹಿಂದಿನಿಂದ ನೂಕಿದಾಗ ಅವನು ಫಳಕ್ಕನೆ ಹೊರಗೆ ಬಿದ್ದ. ಮುಖ ಮರಳಲ್ಲಿ, ಪಟ್ಟಾಪಟ್ಟಿ ಚಡ್ಡಿ ಆಕಾಶದ ಕಡೆ. ಅವನ ಹಿಂದೆಯೇ, ಕೊಕ್ಕೆಯಿಂದ ಕಳಚಿದ ಪ್ಯಾಂಟೂ ಹೊರಬಂತು. ಅವನು ಈ ಕಡೆ ತೆವಳಿದ, ಪ್ಯಾಂಟು ಆ ಕಡೆ ತೇಲಿತು. ಎರಡೂ ಕಾಲು ಅಗಲಿಸಿಕೊಂಡು, ಕಾರಿನ ಕೀಲಿ ಹೊಟ್ಟೆಯಲ್ಲಿಟ್ಟುಕೊಂಡು, ಯಾರ ಅಪ್ಪಣೆಯೂ ಬೇಡವೆಂಬಂತೆ ಅದು ಗೋವಾದ ಕಡೆ ಹೊರಟುಹೋಯಿತು.

"ಹಿಡೀರೋ! ಪ್ಯಾಂಟು ಹಿಡೀರೋ!"

ಡೇರೆಯನ್ನಾದರೂ ಎಳೆದುಕೊಂಡು ಬರೋಣವೆಂದರೆ ಗೂಟಗಳು ಬಿಡಲಿಲ್ಲ. ಹನ್ನೆರಡರಲ್ಲಿ ಒಂದೂ ಅಲುಗಲಿಲ್ಲ! ಕಮ್ಮಾರ ಕೊಟ್ಟ ಮಾತಿಗೆ ತಪ್ಪಿರಲಿಲ್ಲ. ಕೆಂಪು ಡೇರೆ ಅಷ್ಟೂ ಗೂಟಗಳನ್ನು ನಂಬಿಕೊಂಡು ಅಲ್ಲೇ ನಿಂತು, ನೀರು ಕುಡಿದು, ಮಡಚಿಕೊಂಡು ಬಿತ್ತು.

ಮೇಲೆ ದೋಣಿಯ ನೆರಳಲ್ಲಿ ಮೂರು ಹೆಂಗಸರು, ಒಬ್ಬ ಅಜ್ಜ ಚಹಾ ಕುಡಿಯುತ್ತಿದ್ದರು. ಪಕ್ಕದಲ್ಲಿ ರೊಟ್ಟಿ ಗಂಟು, ಚಾಪೆ, ನಾಲ್ಕು ಜೊತೆ ಚಪ್ಪಲಿ, ಎಲ್ಲವೂ ಒಂದು ಹನಿ ನೀರು ತಾಗದೆ ಇದ್ದವು. ರಶ್ಮಿಯ ಮೊಬೈಲು ಅಪ್ಪನ ಕಡೆಗೇ ಇತ್ತು. ಅವನು ದಂಡೆ ಮುಟ್ಟುವ ಮೊದಲೇ ಆ ವಿಡಿಯೋ ಕುರುಗೋಡು ಮುಟ್ಟಿತ್ತು.

"ನೀರು ಬರತೈತಿ ಅಂತ ಗೊತ್ತಿತ್ತೇನು ನಿಮಗ?" ಎಂದು ಅವನು ನಡುಗುತ್ತ ಕೇಳಿದ.

"ನಾಕೂವರಿಗೆ, ಆ ಕರಿಕಲ್ಲಿನತನಕ," ಎಂದಳು ಚನ್ನವೀರಮ್ಮ. "ಅಜ್ಜ ಹೇಳಿದ್ದ. ಕರೆಕ್ಟ್ ಟೈಮಿಗೆ ಬಂತು ನೋಡು. ನಮ್ಮ ನಲ್ಲೀನೂ ಹಿಂಗ ಬಂದಿದ್ರ ನಾ ಯಾಕ ಮುದುಕಿ ಆಗ್ತಿದ್ದೆ!"

"ಎಬ್ಬಿಸಬಾರದಾಗಿತ್ತೇನ ಯವ್ವಾ?"

"ಮೂರು ಸಲ ಒದರಿದ್ವಿ. ಸಮುದ್ರದಕಿಂತ ನಿನ್ನ ಗೊರಕಿ ಸಪ್ಪಳ ಜೋರಿತ್ತು. ಮೊಣಕಾಲುದ್ದ ನೀರು, ಅಜ್ಜ ಕಣ್ಣಿಟ್ಟು ಕುಂತಿದ್ದ. ಮುಳುಗ್ತಿದ್ದಿಲ್ಲ ಬಿಡು."

ಈಗ ಉಳಿದದ್ದು ಕೀಲಿಯ ಪ್ರಶ್ನೆ. ಇನ್ನೊಂದು ಕೀಲಿ ಪಾರ್ವತಿನಗರದ ಮನೆಯ ಅಕ್ಕಿ ಡಬ್ಬಿಯಲ್ಲಿತ್ತು, ಮನೆಯ ಕೀಲಿ ಹಂಪಮ್ಮನ ಹತ್ತಿರ ಇತ್ತು. ತರುವವರು ಯಾರು? 

"ದಾಕ್ಷಾಯಣಿ, ನಿನ್ನ ಕೈ ಮುಗಿತೀನಿ. ಯಾರಿಗಾರ ಫೋನ್ ಮಾಡು, ನಿಮ್ಮಣ್ಣಗ ಮಾತ್ರ ಬ್ಯಾಡ!"

"ನಾ ಮಾಡಿಲ್ರಿ," ಅಂದಳು ದಾಕ್ಷಾಯಣಿ. "ವಿಡಿಯೋ ನೋಡಿ ಅವನ ಮಾಡಿದ್ದ. ಪ್ಯಾಂಟಿನಾಗ ಕೀಲಿ ಇತ್ತೇನು ಅಂತ ಅವನ ಕೇಳಿದ. ನಾಳೆ ತರ್ತಾನಂತ."

ಆ ರಾತ್ರಿ ನೀಲಾವತಿಯ ಜಗುಲಿಯ ಮೇಲೆ, ಅವಳ ಗಂಡನ ಹೂವಿನ ಲುಂಗಿಯಲ್ಲಿ ಕಳೆಯಿತು. ಮರುದಿನ ನೀರು ಇಳಿದಾಗ ಚನ್ನಬಸವರಾಜ ಒಬ್ಬನೇ ಹೋಗಿ, ಬೆವರು ಹರಿಸಿ, ಹನ್ನೆರಡೂ ಗೂಟ ಅಗೆದು ತೆಗೆದ. ಬರುವ ದಾರಿಯಲ್ಲಿ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಬಲೆಯ ಅಜ್ಜನ ಹತ್ತಿರ ಕೂತು ನಾಲ್ಕು ಮಾತಾಡಿದ. ಜೀವಮಾನದಲ್ಲಿ ನೀರಿನ ವಿಷಯ ಅವನು ಇನ್ನೊಬ್ಬರನ್ನು ಕೇಳಿದ್ದು ಅದೇ ಮೊದಲು.

ಎರಡು ಗಂಟೆಗೆ ದೊಡ್ಡ ಗಾಡಿ ಬಂದು ನಿಂತಿತು. ಅಮರೇಶ ಇಳಿದ. ಅಣಕಿಸುತ್ತಾನೆ, ಸಾವಿರ ಮಾತು ಆಡುತ್ತಾನೆ ಎಂದು ಚನ್ನಬಸವರಾಜ ಲುಂಗಿ ಬಿಗಿಹಿಡಿದು ಸಿದ್ಧನಾಗಿದ್ದ. ಆದರೆ ಅಮರೇಶ ಕೀಲಿ ಕೊಟ್ಟ. ಖಾಲಿ ಬಿದ್ದಿದ್ದ ಹಸಿ ಮರಳನ್ನು ಅತ್ತಿತ್ತ ನೋಡಿದ. ಬಗ್ಗಿ ಬೆರಳಿನಿಂದ ಒತ್ತಿದ. ಆಮೇಲೆ ಚಪ್ಪಲಿ ಬಿಡುವ ಮುಂಚೆ ನೀಲಾವತಿಯ ಕಡೆ ತಿರುಗಿ ಕೇಳಿದ.

"ಅಕ್ಕಾರ, ಈ ನೀರು ತಿರುಗಿ ಎಷ್ಟಕ್ಕ ಬರತೈತ್ರಿ?"

ಚನ್ನವೀರಮ್ಮ ಸೊಸೆಯ ಅಣ್ಣನನ್ನು ಹೆತ್ತ ಮಗನಿಗಿಂತ ಹೆಚ್ಚು ಪ್ರೀತಿಯಿಂದ ನೋಡಿದಳು. ನೀಲಾವತಿ ನಗು ನುಂಗಿಕೊಂಡು ಹೂವಿನ ಲುಂಗಿಯ ಕಡೆ ಕೈ ತೋರಿಸಿದಳು. "ಅವರನ್ನೇ ಕೇಳಿ. ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು."

ಎಲ್ಲರೂ ಅವನತ್ತ ತಿರುಗಿದರು. ಜಲತಜ್ಞ ತಲೆ ತಗ್ಗಿಸಿ, ಕೇಳಿಯೂ ಕೇಳದಷ್ಟು ಮೆಲ್ಲಗೆ ಹೇಳಿದ. "ಐದೂಕಾಲಿಗೆ. ದಿನಾ ಮುಕ್ಕಾಲು ತಾಸು ತಡಾ ಆಗತೈತಿ."

"ಭೇಷ್!" ಎಂದು ಅಮರೇಶ ಬೆನ್ನು ತಟ್ಟಿದ. "ದಸರಾಕ್ಕೂ ಸಮುದ್ರಕ್ಕ ಬರೋಣ ಭಾವ. ನೀರಿನ ಟೈಮ್ ಹೇಳಾಕ ನೀವು ಬೇಕ ಬೇಕು." ಆಮೇಲೆ ಗಾಡಿಯ ಹಿಂಬಾಗಿಲು ತೆರೆದು, ಮೂರನೆಯ ಸಾಲಿನಲ್ಲಿ ಚೀಲಗಳನ್ನು ಒಂಚೂರು ಸರಿಸಿ ಜಾಗ ಮಾಡಿದ. "ಆ ಗೂಟ ಈಗ ಇಲ್ಲೇ ಇಡ್ರಿ. ದಸರಾತನಕ ನಿಮ್ಮ ಸೀಟು ಹಿಡಿದಿರ್ತಾವ. ಒಂದೂ ಅಲುಗಂಗಿಲ್ಲ ಅಂತ ಕೇಳೀನಿ!"